ಹೊಸ ಆಫೀಸಲ್ಲಿ ಖಾಲಿ ಗೋಡೆ ಉಂಟು: ಕಾರ್ಡ್ ಅಂಟಿಸುವುದಾ, ಸಾಫ್ಟ್‌ವೇರೇ ಸಾಕಾ?

ದೇರೆಬೈಲ್_ಲೀಡ್

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಗಳೂರಿನಲ್ಲಿ ಸಣ್ಣ ಕಂಪನಿ. ಸಹಕಾರಿ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿ ಕೊಡುತ್ತೇವೆ. ಡೆವಲಪರ್, ಟೆಸ್ಟರ್, ಸಪೋರ್ಟ್ ಎಲ್ಲ ಸೇರಿ 12 ಜನ. ಅದರಲ್ಲಿ ಒಬ್ಬರು ಪುತ್ತೂರಿನ ಮನೆಯಿಂದ, ಇನ್ನೊಬ್ಬರು ಬೆಂಗಳೂರಿನಿಂದ ಕೆಲಸ ಮಾಡುತ್ತಾರೆ.

ಈಗ ಆಫೀಸು ಬದಲಾಗುತ್ತಾ ಉಂಟು. ಹೊಸ ಜಾಗದಲ್ಲಿ ಬಾಗಿಲು ತೆರೆದ ಕೂಡಲೇ ಎದುರಿಗೆ ಉದ್ದಕ್ಕೆ ಖಾಲಿ ಗೋಡೆ. ಅದನ್ನು ನೋಡಿ ನಮ್ಮ ಧಣಿಗಳು "ಇಲ್ಲೇ ಒಂದು ಬೋರ್ಡ್ ಹಾಕಿ, ಎಲ್ಲರ ಕೆಲಸ ಎಲ್ಲರಿಗೂ ಕಾಣಲಿ" ಅಂದಿದ್ದಾರೆ. ಒಂದು ಕೆಲಸಕ್ಕೆ ಒಂದು ಕಾರ್ಡ್, ಕೆಲಸ ಮುಂದೆ ಹೋದ ಹಾಗೆ ಅದನ್ನು ಕಾಲಂನಿಂದ ಕಾಲಂಗೆ ಸರಿಸುವುದು. ಟೀಮಿನಲ್ಲಿ ಅಂದಿನಿಂದ ಎರಡು ಪಂಗಡ: ಗೋಡೆಗೆ ಕಾರ್ಡ್ ಹಾಕೋಣ ಅನ್ನುವವರು, ಕಂಪ್ಯೂಟರಿನ ಬೋರ್ಡೇ ಸಾಕು ಅನ್ನುವವರು.

ಈಗ ಬಳಸುವುದು ಜಿರಾ, ಇಂಥ ಬೋರ್ಡನ್ನು ಕಂಪ್ಯೂಟರಿನಲ್ಲಿ ತೋರಿಸುವ ಸಾಫ್ಟ್‌ವೇರ್. ಉಚಿತ ಪ್ಲ್ಯಾನ್ 10 ಜನರ ತನಕ ಮಾತ್ರ. ಸಪೋರ್ಟಿಗೆ ಹೊಸದಾಗಿ ಸೇರಿದ ಇಬ್ಬರಿಗೂ ಲಾಗಿನ್ ಬೇಕೆಂದರೆ 12 ಜನರ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು, ಬರೀ ಆ ಇಬ್ಬರಿಗಲ್ಲ. ಆದರೆ ನನ್ನ ತಲೆಬಿಸಿ ದುಡ್ಡಿನದ್ದಲ್ಲ. ಬೆಳಗ್ಗೆ ಸ್ಟ್ಯಾಂಡ್‌ಅಪ್‌ನಲ್ಲಿ (ದಿನದ ಸಣ್ಣ ಮೀಟಿಂಗ್) ನಾನು ಸ್ಕ್ರೀನ್ ಶೇರ್ ಮಾಡುತ್ತೇನೆ, ಉಳಿದವರು ಫೋನ್ ನೋಡುತ್ತಾರೆ. ಅದು ಮುಗಿದ ಮೇಲೆ ಮರುದಿನದ ತನಕ ಬೋರ್ಡ್ ಯಾರೂ ತೆರೆಯುವುದಿಲ್ಲ. ಮಾರ್ಚ್ ಕೊನೆ ಬಂತೆಂದರೆ ಸಂಘಗಳ ವರ್ಷಾಂತ್ಯದ ಲೆಕ್ಕ, ಫೋನಿನ ಮೇಲೆ ಫೋನು. ಆಗಂತೂ ಬೋರ್ಡ್‌ನಲ್ಲಿ ಇರುವುದೇ ಒಂದು, ಇಲ್ಲಿ ಆಗುವುದೇ ಇನ್ನೊಂದು.

ಅನುಭವ ಇದ್ದವರು ಹೇಳಿ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ "ಎರಡನ್ನೂ ಇಟ್ಟುಕೊಳ್ಳಿ" ಅಂತ ಮಾತ್ರ ಹೇಳಬೇಡಿ. ಹೇಳುವುದಾದರೆ ಎರಡನ್ನೂ ದಿನಾ ಯಾರು ಅಪ್‌ಡೇಟ್ ಮಾಡಬೇಕು ಅಂತಲೂ ಹೇಳಿ.

ಎಕ್ಸೆಲ್_ಸಾಕು

12 ಜನರಿಗೆ ಎಂತ ಬೋರ್ಡ್ ಮಾರಾಯ್ರೆ? ಒಂದು ಶೀಟ್ ತೆರೆಯಿರಿ, ಕೆಲಸ, ಯಾರು, ಯಾವಾಗ. ಮುಗೀತು.

ಮಣಿಪಾಲ_ಗೋಡೆ

ನಾನು ಗೋಡೆಯ ಪರ. ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಸಾಮಾನಿನ ವಿಷಯ. ಸ್ಟಿಕ್ಕಿ ನೋಟ್ ಅಂಟಿಸುವ ವಿಡಿಯೋಗಳನ್ನು ನೋಡಿ ಮರುಳಾಗಬೇಡಿ. ಅದು ಒಣ ಊರಿನವರಿಗೆ ಸರಿ. ನಮ್ಮಲ್ಲಿ ಜೂನ್ ಶುರುವಾದರೆ ಗೋಡೆಯೇ ಬೆವರುತ್ತದೆ. ಡಿಸ್ಟೆಂಪರ್ ಬಳಿದ ಗೋಡೆಯಾದರೆ ಚೀಟಿಯ ಅಂಟಿಗೆ ಸುಣ್ಣದ ಪುಡಿ ಹತ್ತಿಕೊಂಡು ಎರಡನೇ ಸಲ ಅಂಟುವುದೇ ಇಲ್ಲ. ಫ್ಯಾನ್ ಜೋರು ಮಾಡಿದರೆ 'ಮುಗಿದದ್ದು' ಕಾಲಂನಲ್ಲಿ ಇದ್ದದ್ದು ಯಾರದೋ ಮೇಜಿನ ಅಡಿಯಲ್ಲಿ ಸಿಗುತ್ತದೆ. ಚೀಟಿ ಕೀಳುವಾಗ ಕೆಳಗಿಂದ ಮೇಲಕ್ಕೆ ಎಳೆಯುತ್ತಾರಲ್ವಾ, ಹಾಗೆ ಮಾಡಿದರೆ ತುದಿ ಸುರುಳಿಯಾಗಿ ನಿಲ್ಲುತ್ತದೆ. ಪಕ್ಕದಿಂದ ಎಳೆಯಬೇಕು. ಇಷ್ಟೆಲ್ಲ ಮಾಡಿದರೂ ಮಳೆಗಾಲ ದಾಟುವುದು ಕಷ್ಟ.

ನಾವು ಕೊನೆಗೆ ಮಾಡಿದ್ದು ಹೀಗೆ: ಮ್ಯಾಗ್ನೆಟ್ ಹಿಡಿಯುವ ವೈಟ್‌ಬೋರ್ಡ್, ದಪ್ಪ ಕಾಗದದ ಕಾರ್ಡು, ದಪ್ಪ ಸ್ಕೆಚ್ ಪೆನ್ನು. ಬಾಲ್‌ಪೆನ್ನಿನಲ್ಲಿ ಬರೆದದ್ದು ಎರಡು ಹೆಜ್ಜೆ ದೂರದಿಂದ ಕಾಣುವುದಿಲ್ಲ. ಕಾಲಂ ಗೆರೆ ಮಾರ್ಕರ್‌ನಲ್ಲಿ ಎಳೆದರೆ ಎಲ್ಲರ ಮೊಣಕೈ ತಾಗಿ ಅಳಿಸಿ ಹೋಗುತ್ತದೆ. ಎಲೆಕ್ಟ್ರಿಕಲ್ ಅಂಗಡಿಯ ಕಪ್ಪು ಇನ್ಸುಲೇಷನ್ ಟೇಪು ಅಂಟಿಸಿ, ಸಾಕು.

ಇನ್ನು ಅಸಲು ವಿಷಯ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಎರಡೇ ಮ್ಯಾಗ್ನೆಟ್, ಮೇಲೆ ಹೆಸರು ಬರೆದಿರುತ್ತದೆ. ಕೈಗೆತ್ತಿಕೊಂಡ ಕಾರ್ಡಿಗೆ ನಿಮ್ಮ ಮ್ಯಾಗ್ನೆಟ್ ಇಡಬೇಕು. ಮೂರನೇ ಕೆಲಸ ತೆಗೆದುಕೊಳ್ಳಬೇಕಾದರೆ ಮೊದಲಿನದರಲ್ಲಿ ಒಂದನ್ನು ಮುಗಿಸಬೇಕು, ಅಥವಾ ಎಲ್ಲರೆದುರು "ಇದನ್ನು ಬಿಡುತ್ತೇನೆ" ಅಂತ ಹೇಳಿ ವಾಪಸ್ ಇಡಬೇಕು. (ಒಬ್ಬ ಪುಣ್ಯಾತ್ಮ ಮನೆಯ ಫ್ರಿಜ್ಜಿನಿಂದ ಮೂರನೇ ಮ್ಯಾಗ್ನೆಟ್ ತಂದಿದ್ದ. ಮಾವಿನಹಣ್ಣಿನ ಆಕಾರದ್ದು. ದೂರದಿಂದಲೇ ಗೊತ್ತಾಗುತ್ತಿತ್ತು.)

ದಿನಾ ಬೆಳಗ್ಗೆ, ಜಾಗ ಬಿಟ್ಟು ಕದಲದ ಕಾರ್ಡಿನ ಮೂಲೆಯಲ್ಲಿ ಒಂದು ಚುಕ್ಕೆ. ಒಂದು ಕಾರ್ಡ್ ಇತ್ತು: "ಪಿಡಿಎಫ್ ರಸೀದಿಯಲ್ಲಿ ಒತ್ತಕ್ಷರ ಒಡೆಯುತ್ತದೆ". ಸ್ಕ್ರೀನಿನಲ್ಲಿ ಕನ್ನಡ ಸರಿ ಇದೆ, ಪಿಡಿಎಫ್ ಮಾಡಿದರೆ ಒತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಚುಕ್ಕೆ ಇಟ್ಟೂ ಇಟ್ಟೂ ಆ ಕಾರ್ಡಿನ ಒಂದು ಅಂಚೇ ತುಂಬಿತ್ತು. ಆ ಕೆಲಸಕ್ಕೆ ಸಂಬಂಧವೇ ಇಲ್ಲದ ಆಂಡ್ರಾಯ್ಡ್ ಹುಡುಗಿ ಚಹಾ ತರಲು ಹೋಗುವಾಗ ನೋಡಿ, "ಇಷ್ಟು ಚುಕ್ಕೆ ಎಂತಕ್ಕೆ? ನೀವು ಪಿಡಿಎಫ್‌ಗೆ ಬಳಸುವ ಸಿದ್ಧ ಕೋಡಿನ ಲೈಬ್ರರಿ ಅಕ್ಷರ ಜೋಡಿಸುವುದೇ ಇಲ್ಲ, ಅಕ್ಷರ ಜೋಡಿಸಿಕೊಡುವ ಹಾರ್ಫ್‌ಬಜ್ ಬಳಸುವ ಬೇರೆ ಲೈಬ್ರರಿ ಹಾಕಿ" ಅಂದಳು. ಕೆಲಸ ಅವತ್ತೇ ಕದಲಿತು. ಸಾಫ್ಟ್‌ವೇರಿನಲ್ಲಿ ಇದ್ದಿದ್ದರೆ ಅವಳು ಆ ಬೋರ್ಡ್ ತೆರೆಯುತ್ತಲೇ ಇರಲಿಲ್ಲ. ಅವಳ ಪ್ರಾಜೆಕ್ಟೇ ಅಲ್ಲವಲ್ಲ.

ಹುಡುಕಿ ಹೋಗದೆ ಕಣ್ಣಿಗೆ ಬೀಳುವುದು, ಅದೇ ಗೋಡೆಯ ಬಲ. ಟಿವಿಗೆ ಜಿರಾ ಹಾಕಿದರೆ ಆಗುತ್ತದಲ್ಲ ಅಂತ ಯಾರಾದರೂ ಹೇಳುತ್ತಾರೆ ಈಗ. ಆಗುವುದಿಲ್ಲ. ಅರ್ಧ ಕಾಲಂ ಸ್ಕ್ರೀನಿನ ಹೊರಗೆ ಇರುತ್ತದೆ, ಲಾಗಿನ್ ಅವಧಿ ಮುಗಿದಿರುತ್ತದೆ, ಐಪಿಎಲ್ ಶುರುವಾದರೆ ಟಿವಿ ಬೇರೆಯವರ ಪಾಲು.

ಬೆಳ್ತಂಗಡಿ_ವೈಫೈ

ಮಣಿಪಾಲ_ಗೋಡೆ ಅವರೇ, ಬರೆದದ್ದು ಚೆಂದ ಉಂಟು. ಆದರೆ ನಿಮ್ಮ ಕಥೆಯಲ್ಲಿ ಎಲ್ಲರೂ ಚಹಾ ತರಲು ಅದೇ ಗೋಡೆಯ ಎದುರೇ ಹೋಗುವವರು. ನಾನು ಮನೆಯಿಂದ ಕೆಲಸ ಮಾಡುವವ. ಗೋಡೆ ಇರುವ ಟೀಮಿನಲ್ಲಿ ಹೊರಗೆ ಕೂತವನ ಪಾಡು ಹೇಳುತ್ತೇನೆ ಕೇಳಿ.

ಹಿಂದೆ ಇದ್ದ ಕಂಪನಿಯಲ್ಲಿ ಗೋಡೆ ಬೋರ್ಡ್. ಸಂಜೆ ಒಬ್ಬರು ಫೋಟೋ ಹೊಡೆದು ವಾಟ್ಸಾಪ್ ಗ್ರೂಪಿಗೆ ಹಾಕುವುದು ಅಂತ ಮಾತಾಗಿತ್ತು. ಮೊದಲ ವಾರ ಬಂತು. ಆಮೇಲೆ ನೆನಪಾದಾಗ ಬಂತು. ಬಂದರೂ ಟ್ಯೂಬ್‌ಲೈಟಿನ ಬೆಳಕು ಬೋರ್ಡಿಗೆ ಹೊಡೆದು ಮಧ್ಯದ ಕಾಲಂ ಪೂರಾ ಬಿಳಿ. ನಾನು ಫೋನ್ ಮಾಡಿ "ಆ ಹಳದಿ ಕಾರ್ಡು ನಂದಾ?" ಅಂತ ಕೇಳಬೇಕು. ನನ್ನ ಕಾರ್ಡನ್ನು ಬೇರೆ ಯಾರೋ ಸರಿಸಬೇಕು, ಅವರಿಗೆ ಪುರುಸೊತ್ತು ಆದಾಗ. ಕೆಲಸ ಮುಗಿಸಿದ್ದು ಮಂಗಳವಾರ, ಕಾರ್ಡ್ ಕದಲಿದ್ದು ಗುರುವಾರ. ಮ್ಯಾನೇಜರ್ ಕಣ್ಣಲ್ಲಿ ನಾನು ಎರಡು ದಿನ ಲೇಟು.

ಸ್ಟ್ಯಾಂಡ್‌ಅಪ್ ವಿಡಿಯೋ ಕಾಲ್‌ನಲ್ಲಿ ಲ್ಯಾಪ್‌ಟಾಪನ್ನು ಗೋಡೆ ಕಡೆ ತಿರುಗಿಸುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಎಲ್ಲರ ಬೆನ್ನು. ಅವರು ತುಳುವಿನಲ್ಲಿ ಜೋಕ್ ಮಾಡಿ ನಗುತ್ತಿದ್ದರು, ಅದೂ ಅರ್ಧ ಕೇಳುತ್ತಿತ್ತು.

ಹಾಗಾಗಿ ದೇರೆಬೈಲ್_ಲೀಡ್ ಅವರೇ, ನಿಮ್ಮ ಪುತ್ತೂರಿನವರನ್ನು ಮೊದಲು ಕೇಳಿ. ಒಬ್ಬರು ಹೊರಗೆ ಇದ್ದರೂ ಗೋಡೆ ಎಲ್ಲರದ್ದಾಗುವುದಿಲ್ಲ.

ಮಣಿಪಾಲ_ಗೋಡೆ

ಒಪ್ಪುತ್ತೇನೆ. ನಮ್ಮಲ್ಲಿ ಎಲ್ಲರೂ ಒಂದೇ ರೂಮಿನಲ್ಲಿ. ಆದರೆ ಮಳೆಗೆ ಕರೆಂಟೂ ನೆಟ್ಟೂ ಹೋದಾಗ ನಿಮ್ಮ ಸಾಫ್ಟ್‌ವೇರ್ ಬೋರ್ಡ್ ಎಲ್ಲಿ ಹೋಗುತ್ತದೆ?

ಬೆಳ್ತಂಗಡಿ_ವೈಫೈ

ಕರೆಂಟ್ ಹೋದಾಗ ಕೋಡೂ ಇಲ್ಲ, ಬೋರ್ಡ್ ಇದ್ದು ಎಂತ ಮಾಡುವುದು 😄 ಇನ್ವರ್ಟರ್ ಉಂಟು, ಹಾಟ್‌ಸ್ಪಾಟ್ ಉಂಟು. ಬೋರ್ಡ್ ನೋಡಲು ಅಷ್ಟು ಸಾಕು.

ಒಡಿಸಿ_ಒಳಗಿನವ

ನಮ್ಮ ಕಡೆ ಈ ಚರ್ಚೆಯೇ ಇಲ್ಲ. ಸರ್ವಿಸ್ ಕಂಪನಿ, ಗಿರಾಕಿ ಅಮೆರಿಕದ ಪೂರ್ವ ಕರಾವಳಿಯಲ್ಲಿ. ಅವರ ಟೂಲ್, ಅವರ ಕಾಲಂ, ಅವರ ನಿಯಮ. ಸ್ಟ್ಯಾಂಡ್‌ಅಪ್ ಸಂಜೆ 6.30ಕ್ಕೆ, ಅಲ್ಲಿ ಬೆಳಗ್ಗೆ 9. ಅವರ ಚಳಿಗಾಲದಲ್ಲಿ ಗಡಿಯಾರ ಹಿಂದೆ ಹೋದರೆ ನಮಗೆ 7.30. ಗೋಡೆಗೆ ಕಾರ್ಡ್ ಹಾಕಿದರೆ ಅವರಿಗೆ ಎಂತ ಕಾಣುತ್ತದೆ?

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಮಾಹಿತಿ ಭದ್ರತೆಯ ಐಎಸ್‌ಒ 27001 ಪ್ರಮಾಣಪತ್ರ ಇಟ್ಟುಕೊಂಡ ಕಂಪನಿಗಳಲ್ಲಿ ಮೇಜಿನ ಮೇಲೆ, ಸ್ಕ್ರೀನಿನ ಮೇಲೆ ಮಾಹಿತಿ ಬಿಟ್ಟು ಹೋಗಬಾರದು ಅಂತ ನಿಯಮ ಉಂಟು. 2022ರ ಆವೃತ್ತಿಯಲ್ಲಿ ಅದು 7.7ನೇ ಅಂಶ. ಗಿರಾಕಿ ಹೆಸರು, ಸರ್ವರ್ ಹೆಸರು, ಭದ್ರತೆಯ ತೂತು, ಇದನ್ನೆಲ್ಲ ಕಾರ್ಡಿನಲ್ಲಿ ಬರೆದು ಗೋಡೆಗೆ ಹಾಕಿದರೆ ಆಡಿಟರ್ ಸುಮ್ಮನೆ ಇರುವುದಿಲ್ಲ. ನಮ್ಮ ರೂಮಿಗೆ ಫೋನೇ ಬಿಡುವುದಿಲ್ಲ, ಫೋಟೋ ಹೊಡೆಯುವ ಮಾತು ದೂರ ಉಳಿಯಿತು.

ದೇರೆಬೈಲ್_ಲೀಡ್, ನಿಮ್ಮ ಗೋಡೆ ಬಾಗಿಲಿನ ಎದುರೇ ಅಂದಿರಿ. ಸಂಘದ ಕಾರ್ಯದರ್ಶಿ ಬಂದು ಕೂತಾಗ ಪಕ್ಕದ ಊರಿನ ಸಂಘದ ಬಡ್ಡಿ ಲೆಕ್ಕ ತಪ್ಪಿದೆ ಅಂತ ಕಾರ್ಡಿನಲ್ಲಿ ಓದಿದರೆ?

ದೇರೆಬೈಲ್_ಲೀಡ್

ಅಯ್ಯೋ, ಅದು ತಲೆಗೆ ಹೋಗಿರಲಿಲ್ಲ. ಕಾರ್ಯದರ್ಶಿಗಳು ಬರುತ್ತಾರೆ, ಕೂರುತ್ತಾರೆ, ಪೂರಾ ಓದುತ್ತಾರೆ ಕೂಡ.

ಹಳೇ_ಸ್ಕ್ರಮ್

ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ, ಈ ಜಗಳಕ್ಕೆ ಉಪಯೋಗ ಆಗಬಹುದು.

ಸಾಫ್ಟ್‌ವೇರನ್ನು ಸಣ್ಣ ಸಣ್ಣ ಹಂತದಲ್ಲಿ ಮಾಡುವ ಅಜೈಲ್ ಪದ್ಧತಿಯ ಪ್ರಣಾಳಿಕೆ ಬರೆದದ್ದು 2001ರ ಫೆಬ್ರವರಿಯಲ್ಲಿ, ಅಮೆರಿಕದ ಯೂಟಾದಲ್ಲಿ ಸೇರಿದ 17 ಜನ. ಟೂಲ್‌ಗಿಂತ ಜನ, ಜನರ ನಡುವಿನ ಮಾತುಕತೆ ಮೇಲು ಅಂತ ಅದರ ಮೊದಲ ಸಾಲೇ ಹೇಳುತ್ತದೆ. ಅದೇ ಜಾತಿಯ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಪದ್ಧತಿಯವರು ಅದಕ್ಕೂ ಮೊದಲೇ ಕೆಲಸವನ್ನು ಇಂಡೆಕ್ಸ್ ಕಾರ್ಡಿನಲ್ಲಿ ಬರೆಯುತ್ತಿದ್ದರು. ಕಾರ್ಡಿನಲ್ಲಿ ಪೂರ್ತಿ ವಿವರ ಹಿಡಿಸುವುದಿಲ್ಲ, ಅದು ಬೇಕೆಂದೇ. ಹಿಡಿಸದ್ದನ್ನು ಎದ್ದು ಹೋಗಿ ಮಾತಾಡಿ ತಿಳಿದುಕೊಳ್ಳಲಿ ಅಂತ.

ಜಿರಾ 2002ರದ್ದು. ಶುರುವಾದದ್ದು ಬಗ್ ಬರೆದಿಡಲು, ಬೋರ್ಡ್ ಆಮೇಲೆ ಬಂತು. ಇನ್ನೊಂದು ಬೋರ್ಡ್ ಸಾಫ್ಟ್‌ವೇರ್ ಟ್ರೆಲ್ಲೋ 2011ರಲ್ಲಿ ಬಂತು, 2017ರಲ್ಲಿ ಅದನ್ನೂ ಜಿರಾದ ಕಂಪನಿ ಅಟ್ಲಾಸಿಯನ್ ಕೊಂಡುಕೊಂಡಿತು. ಸ್ಕ್ರಮ್ ಅನ್ನುವ ಅಜೈಲ್ ಪದ್ಧತಿಯ ಮಾರ್ಗದರ್ಶಿಯ 2020ರ ಆವೃತ್ತಿ ತೆರೆದು ನೋಡಿ, ಟಾಸ್ಕ್ ಬೋರ್ಡ್ ಇಡಲೇಬೇಕು ಅಂತ ಎಲ್ಲೂ ಇಲ್ಲ. ಕೆಲಸದ ಪಟ್ಟಿ ಎಲ್ಲರಿಗೂ ಕಾಣಬೇಕು ಅಂತ ಉಂಟು, ಹೇಗೆ ಅನ್ನುವುದು ನಿಮಗೆ ಬಿಟ್ಟದ್ದು.

ನನಗೆ ಇಷ್ಟದ ಸಂಗತಿ ಬೇರೆ. ಟೊಯೊಟಾ ಕಾರ್ಖಾನೆಯಲ್ಲಿ ಕಾರ್ಡ್ ನೋಡಿ ಕೆಲಸ ಮುಂದೆ ಸಾಗಿಸುವ ಕಾನ್‌ಬಾನ್ ಪದ್ಧತಿಯನ್ನು ಸಾಫ್ಟ್‌ವೇರ್ ಕೆಲಸಕ್ಕೆ ತಂದವರಲ್ಲಿ ಡೇವಿಡ್ ಆಂಡರ್ಸನ್ ಹೆಸರು ಮೊದಲು ಬರುತ್ತದೆ. 2004ರಲ್ಲಿ ಅವರು ಅದನ್ನು ಮಾಡಿ ನೋಡಿದ್ದು ಮೈಕ್ರೋಸಾಫ್ಟ್‌ನ ಒಂದು ತಂಡದಲ್ಲಿ. ಕೋಡ್ ಬರೆಯುವವರು ಕೂತಿದ್ದು ಎಲ್ಲಿ ಗೊತ್ತಾ? ಹೈದರಾಬಾದ್‌ನಲ್ಲಿ. ಮ್ಯಾನೇಜರ್‌ಗಳು ಅಮೆರಿಕದಲ್ಲಿ. ಎರಡು ದೇಶದ ನಡುವೆ ಒಂದು ಗೋಡೆ ಹಂಚಿಕೊಳ್ಳಲು ಆಗುತ್ತದಾ? ಅಲ್ಲಿ ಫರಕು ತಂದದ್ದು ಕಾರ್ಡಿನ ಬಣ್ಣ ಅಲ್ಲ. ಒಮ್ಮೆಗೆ ಇಷ್ಟೇ ಕೆಲಸ ಒಳಗೆ ಬಿಡುವುದು ಅಂತ ಮಿತಿ ಹಾಕಿದ್ದು, ಮತ್ತೆ ಪ್ರತಿ ಬೇಡಿಕೆಗೂ ಅಂದಾಜು ಬರೆದು ಕೊಡುತ್ತಾ ಕೂರುವುದನ್ನು ನಿಲ್ಲಿಸಿದ್ದು.

ಆ ಮಿತಿಯ ಹಿಂದೆ ಲೆಕ್ಕ ಉಂಟು. 1961ರಲ್ಲಿ ಜಾನ್ ಲಿಟಲ್ ಸಾಬೀತು ಮಾಡಿದ್ದು. ಸರಾಸರಿಯಲ್ಲಿ, ಒಳಗೆ ಇರುವ ಕೆಲಸದ ಸಂಖ್ಯೆಯನ್ನು ವಾರಕ್ಕೆ ಮುಗಿಯುವ ಸಂಖ್ಯೆಯಿಂದ ಭಾಗಿಸಿದರೆ ಒಂದು ಕೆಲಸ ಎಷ್ಟು ವಾರ ಒಳಗೆ ಇರುತ್ತದೆ ಅಂತ ಸಿಗುತ್ತದೆ. ಒಳಗೆ 24, ವಾರಕ್ಕೆ ಮುಗಿಯುವುದು 6 ಅಂದರೆ 4 ವಾರ. ಅದೇ ವೇಗದಲ್ಲಿ ಒಳಗೆ 12 ಮಾತ್ರ ಬಿಟ್ಟರೆ 2 ವಾರ. ಯಾರೂ ಜಾಸ್ತಿ ಹೊತ್ತು ಕೂರಬೇಕಾಗಿಲ್ಲ.

ಹಾಗಾಗಿ ಮಣಿಪಾಲ_ಗೋಡೆ ಅವರ ಟೀಮಿನಲ್ಲಿ ಕೆಲಸ ಮಾಡಿದ್ದು ಗೋಡೆಯಲ್ಲ, ಎರಡು ಮ್ಯಾಗ್ನೆಟ್.

ಮಣಿಪಾಲ_ಗೋಡೆ

ಸರ್, ಲೆಕ್ಕ ಸರಿ. ಆದರೆ ಸಾಫ್ಟ್‌ವೇರಿನಲ್ಲಿ ಆ ಮಿತಿ ಇಟ್ಟು ತೋರಿಸಿ ನೋಡೋಣ. ಜಿರಾದಲ್ಲಿ ಕಾಲಂಗೆ ಗರಿಷ್ಠ ಸಂಖ್ಯೆ ಹಾಕಬಹುದು. ದಾಟಿದರೆ ಕಾಲಂ ಕೆಂಪಾಗುತ್ತದೆ. ಅಷ್ಟೇ. ತಡೆಯುವುದಿಲ್ಲ. ಎರಡನೇ ದಿನದಿಂದ ಆ ಕೆಂಪು ಯಾರ ಕಣ್ಣಿಗೂ ಬೀಳುವುದಿಲ್ಲ. ಮೂರನೇ ಮ್ಯಾಗ್ನೆಟ್ ಇಲ್ಲದಿದ್ದರೆ ಇಲ್ಲ, ಅದಕ್ಕೆ ಮೇಲ್ಮನವಿ ಇಲ್ಲ.

ಟೆಸ್ಟರ್_ಅಕ್ಕ

ಗಂಡಸರೆಲ್ಲ ಕಾರ್ಡ್ ಎಡದಿಂದ ಬಲಕ್ಕೆ ಹೋಗುವ ಕಥೆಯನ್ನೇ ಹೇಳುತ್ತೀರಿ. ನನ್ನ ಕೆಲಸ ಅದನ್ನು ಬಲದಿಂದ ಎಡಕ್ಕೆ ತಳ್ಳುವುದು.

ಒಂದು ಉದಾಹರಣೆ. ಠೇವಣಿಯ ಬಡ್ಡಿ ಲೆಕ್ಕದಲ್ಲಿ ಒಂದು ರೂಪಾಯಿ ವ್ಯತ್ಯಾಸ. ಅಧಿಕ ವರ್ಷದ ಫೆಬ್ರವರಿ 29 ಸೇರಿದರೆ ಮಾತ್ರ ಬರುತ್ತದೆ. ನಾನು ವಾಪಸ್ ಕಳಿಸಿದೆ. ಡೆವಲಪರ್ "ಸರಿ ಮಾಡಿದೆ" ಅಂದ. ಮತ್ತೆ ವಾಪಸ್. ಮೂರನೇ ಸಲ ಬಂದಾಗ ಯಾವ ಖಾತೆ, ಯಾವ ದಿನಾಂಕ, ಸಾಫ್ಟ್‌ವೇರಿನ ಯಾವ ಬಿಲ್ಡ್ (ಆವೃತ್ತಿ), ಮೊದಲ ಸಲ ನಾನು ಎಂತ ಹೇಳಿದ್ದೆ, ಇದೆಲ್ಲ ಕಾರ್ಡಿನ ಹಿಂಬದಿಯಲ್ಲಿ ಬರೆಯಲು ಆಗುತ್ತದಾ? ಸಾಫ್ಟ್‌ವೇರಿನಲ್ಲಿ ಸ್ಕ್ರೀನ್‌ಶಾಟ್ ಉಂಟು, ಯಾವ ಕಮಿಟ್ (ಕೋಡಿನಲ್ಲಿ ಮಾಡಿದ ಬದಲಾವಣೆ) ಅಂತ ಲಿಂಕ್ ಉಂಟು, ಯಾರು ಯಾವ ಗಂಟೆಗೆ ಸರಿಸಿದರು ಅಂತ ದಾಖಲೆ ಉಂಟು. ಆರು ತಿಂಗಳ ನಂತರ ಅದೇ ಬಗ್ ಬೇರೆ ಸಂಘದಲ್ಲಿ ಬಂದರೆ ಹುಡುಕಿದ ಕೂಡಲೇ ಸಿಗುತ್ತದೆ. ಗೋಡೆಯ ಕಾರ್ಡು ಆ ಹೊತ್ತಿಗೆ ಗುಜರಿಗೆ ಹೋಗಿರುತ್ತದೆ.

ಆದರೆ ಸಾಫ್ಟ್‌ವೇರಿನವರನ್ನೂ ಹೊಗಳುವುದಿಲ್ಲ. ನಮ್ಮ ಬೋರ್ಡಿಗೆ ಪ್ರತಿ ಹೊಸ ಮ್ಯಾನೇಜರ್ ಬಂದಾಗ ಒಂದು ಸ್ಟೇಟಸ್ ಜಾಸ್ತಿ ಆಗುತ್ತದೆ. 'ಟೆಸ್ಟಿಂಗ್‌ಗೆ ತಯಾರು', 'ಟೆಸ್ಟಿಂಗ್‌ಗೆ ತಯಾರಾಗಲು ತಯಾರು', ಹೀಗೆ. ಒಂದು ಬಗ್ ಬರೆಯಬೇಕಾದರೆ ನಕ್ಷತ್ರ ಚಿಹ್ನೆ ಹಾಕಿದ ಎಷ್ಟೋ ಖಾನೆ ತುಂಬಿಸಬೇಕು. ಜನ ಎಂತ ಮಾಡುತ್ತಾರೆ? ಎಲ್ಲದರಲ್ಲೂ ಮೊದಲ ಆಯ್ಕೆ ಒತ್ತುತ್ತಾರೆ. ಆಮೇಲೆ ಅದೇ ಕಸದಿಂದ ಚಾರ್ಟ್ ತೆಗೆದು ಮೀಟಿಂಗ್‌ನಲ್ಲಿ ತೋರಿಸುತ್ತಾರೆ. ಗೋಡೆಗೆ ಆ ಕಾಯಿಲೆ ಬರುವುದಿಲ್ಲ. ಕಾಲಂ ಜಾಸ್ತಿ ಮಾಡಬೇಕಾದರೆ ಟೇಪ್ ಕಿತ್ತು ಮತ್ತೆ ಅಂಟಿಸಬೇಕಲ್ಲ, ಅಷ್ಟು ಸೋಮಾರಿತನ ಸಾಕು.

ಕೀಬೋರ್ಡ್_ಮಾತ್ರ

ನನಗೆ ಕಣ್ಣು ಕಾಣುವುದಿಲ್ಲ. ಬ್ಯಾಕ್‌ಎಂಡ್ ಡೆವಲಪರ್, ಸ್ಕ್ರೀನಿನಲ್ಲಿ ಇರುವುದನ್ನು ಓದಿ ಹೇಳುವ ಎನ್‌ವಿಡಿಎ ಸ್ಕ್ರೀನ್‌ರೀಡರ್ ಬಳಸುತ್ತೇನೆ. ಗೋಡೆ ಇರುವ ಟೀಮಿನಲ್ಲಿ ನನಗೆ ಗೋಡೆ ಅಂದರೆ ಗೋಡೆಯೇ.

ಸಾಫ್ಟ್‌ವೇರ್ ಎಲ್ಲ ಸುಲಭ ಅಂತಲೂ ಅಲ್ಲ. ಕಾರ್ಡನ್ನು ಮೌಸ್‌ನಲ್ಲಿ ಎಳೆದು ಬಿಡುವುದು ನನ್ನಿಂದ ಆಗದ ಕೆಲಸ. ಆದರೆ ಕಾರ್ಡ್ ತೆರೆದು ಸ್ಟೇಟಸ್ ಅನ್ನು ಪಟ್ಟಿಯಿಂದ ಬದಲಿಸಬಹುದು, ಬೋರ್ಡಿನ ಬದಲು ಲಿಸ್ಟ್ ನೋಟ ತೆಗೆದುಕೊಳ್ಳಬಹುದು. ಟೂಲ್ ಆರಿಸುವವರು ಅರ್ಧ ಗಂಟೆ ಮೌಸ್ ತೆಗೆದಿಟ್ಟು ಬರೀ ಕೀಬೋರ್ಡಿನಲ್ಲಿ ಒಂದು ಕಾರ್ಡ್ ಹುಟ್ಟಿಸಿ, ಸರಿಸಿ, ಮುಗಿಸಿ ನೋಡಿ. ಆಗದಿದ್ದರೆ ಆ ಟೂಲ್ ಬೇಡ.

ಕೆಂಪು, ಹಸಿರು ಕಾರ್ಡಿನಲ್ಲೇ ಎಲ್ಲ ಹೇಳುವವರಿಗೂ ಒಂದು ಮಾತು. ಆ ಎರಡು ಬಣ್ಣ ಬೇರೆ ಬೇರೆ ಕಾಣದವರು, ಅದರಲ್ಲೂ ಗಂಡಸರು, ನಿಮ್ಮ ಟೀಮಿನಲ್ಲೇ ಇರಬಹುದು. ಅವರು ಹೇಳಿರುವುದಿಲ್ಲ. ಮೂಲೆಯಲ್ಲಿ ಒಂದು ಅಕ್ಷರ ಬರೆಯಿರಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡುವ ಮಾತು ಉಂಟು. ಕಾಯ್ದೆ ಬಿಡಿ, ಕೇಳಿದರೆ ಸಾಕು.

ಟೆಸ್ಟರ್_ಅಕ್ಕ

@ಕೀಬೋರ್ಡ್_ಮಾತ್ರ ಆ ಕೀಬೋರ್ಡ್ ಪರೀಕ್ಷೆಯನ್ನು ನಾಳೆಯೇ ನಮ್ಮ ಟೂಲ್ ಮೇಲೆ ಮಾಡುತ್ತೇನೆ. ಥ್ಯಾಂಕ್ಸ್ ತಮ್ಮಾ.

ಓಪನ್‌ಸೋರ್ಸ್_ಮಾಣಿ

ದುಡ್ಡಿನ ಪ್ರಶ್ನೆ ಯಾರೂ ಮುಟ್ಟಲಿಲ್ಲ. 10 ಜನರ ಮಿತಿ ತೊಂದರೆ ಅಂದರೆ ಕಾನ್‌ಬೋರ್ಡ್ ಅನ್ನುವ ಉಚಿತ ಬೋರ್ಡ್ ಸಾಫ್ಟ್‌ವೇರ್ ನೋಡಿ. ಪಿಎಚ್‌ಪಿಯಲ್ಲಿ ಬರೆದದ್ದು, ಎಸ್‌ಕ್ಯುಲೈಟ್ ಅನ್ನುವ ಸಣ್ಣ ಡೇಟಾಬೇಸ್ ಒಂದಿದ್ದರೆ ಸಾಕು, ಹಳೇ ಡೆಸ್ಕ್‌ಟಾಪಿನಲ್ಲೂ ಓಡುತ್ತದೆ. ಹೊಸ ಸೌಲಭ್ಯ ಈಗ ಅಷ್ಟಾಗಿ ಸೇರುವುದಿಲ್ಲ, ನಿಮಗೆ ಬೇಕಾದದ್ದೂ ಅಷ್ಟೇನಿಲ್ಲ ಅಲ್ವಾ. ವೀಕಾನ್ ಉಂಟು, ಅದಕ್ಕೆ ಮಾಂಗೋಡಿಬಿ ಅನ್ನುವ ಡೇಟಾಬೇಸ್ ಬೇಕು. ಟೈಗಾ, ಓಪನ್‌ಪ್ರಾಜೆಕ್ಟ್ ಸ್ವಲ್ಪ ದೊಡ್ಡವು. ನಿಮ್ಮ ಕೋಡ್ ಆಗಲೇ ಗಿಟ್‌ಹಬ್, ಗಿಟ್‌ಲ್ಯಾಬ್‌ನಂಥ ಕೋಡ್ ಇಡುವ ತಾಣದಲ್ಲಿ ಇದ್ದರೆ ಅಲ್ಲೇ ಬೋರ್ಡ್ ಉಂಟು, ಬೇರೆ ಯಾವುದೂ ಬೇಡ.

ಆದರೆ ಒಂದು ಷರತ್ತು. ಬ್ಯಾಕಪ್ ಯಾರು ತೆಗೆಯುವುದು, ಅಪ್‌ಡೇಟ್ ಯಾರು ಹಾಕುವುದು ಅಂತ ಹೆಸರು ಹೇಳಿ ಒಬ್ಬರನ್ನು ಗೊತ್ತು ಮಾಡಿ. "ಎಲ್ಲರೂ ನೋಡಿಕೊಳ್ಳೋಣ" ಅಂದರೆ ಯಾರೂ ನೋಡುವುದಿಲ್ಲ. ಮಿಂಚು ಹೊಡೆದು ಡೆಸ್ಕ್‌ಟಾಪ್ ಸುಟ್ಟ ದಿನ ಉಚಿತ ಸಾಫ್ಟ್‌ವೇರಿನ ಬೆಲೆ ಗೊತ್ತಾಗುತ್ತದೆ. ಮೇ ತಿಂಗಳ ಸಿಡಿಲು ನಿಮಗೆ ನಾನು ಹೇಳಬೇಕಾಗಿಲ್ಲ.

ಎಕ್ಸೆಲ್_ಸಾಕು

ಎಕ್ಸೆಲ್ ಶೀಟಿಗೆ ಸಿಡಿಲು ಹೊಡೆಯುವುದಿಲ್ಲ.

ಓಪನ್‌ಸೋರ್ಸ್_ಮಾಣಿ

ಇಬ್ಬರು ಒಟ್ಟಿಗೆ ಸೇವ್ ಮಾಡಿದರೆ ಸಾಕು, ಸಿಡಿಲೇ ಬೇಡ.

ಪ್ರೆಸ್_ಉಡುಪಿ

ನಾನು ಸಾಫ್ಟ್‌ವೇರಿನವನಲ್ಲ, ತಂಗಿಯ ಮಗಳು ಈ ಚರ್ಚೆ ಕಳಿಸಿದಳು. ಉಡುಪಿಯಲ್ಲಿ ಆಫ್‌ಸೆಟ್ ಪ್ರೆಸ್ ಇಟ್ಟಿದ್ದೇನೆ. ನೀವು ಅಜೈಲ್ ಅಂತ ಕರೆಯುವುದು ನಮ್ಮಲ್ಲಿ ಬಹಳ ಕಾಲದಿಂದ ಉಂಟು, ಹೆಸರು ಇರಲಿಲ್ಲ.

ಪ್ರತಿ ಆರ್ಡರಿಗೂ ಒಂದು ಜಾಬ್ ಕಾರ್ಡು. ಪ್ಲಾಸ್ಟಿಕ್ ಕವರಿನಲ್ಲಿ ಸ್ಯಾಂಪಲ್, ಗಿರಾಕಿ ಸಹಿ ಹಾಕಿದ ಪ್ರೂಫ್, ಕಾಗದ ಎಷ್ಟು ಜಿಎಸ್‌ಎಂ (ದಪ್ಪದ ಲೆಕ್ಕ), ಎಷ್ಟು ಕಾಪಿ, ಲ್ಯಾಮಿನೇಷನ್ ಹೊಳಪಿನದ್ದೋ ಮ್ಯಾಟೋ. ಅದು ಕೆಲಸದ ಜೊತೆಗೇ ಹೋಗುತ್ತದೆ: ಡಿಸೈನ್ ಮೇಜು, ಪ್ಲೇಟ್, ಮೆಷಿನ್, ಕಟಿಂಗ್, ಬೈಂಡಿಂಗ್. ವಿವರ ಬೇಕಾದವರು ಕವರ್ ತೆರೆದು ನೋಡುತ್ತಾರೆ.

ಗೋಡೆಯ ಬೋರ್ಡ್ ಬೇರೆ. ಅದರಲ್ಲಿ ಡಿಸೈನ್, ಪ್ಲೇಟ್ ಅಂತ ಕಾಲಂ ಇಲ್ಲ. ಸೋಮವಾರದಿಂದ ಶನಿವಾರ ಅಷ್ಟೇ. ಯಾವ ದಿನ ಕೊಡಬೇಕೋ ಆ ದಿನದ ಕೆಳಗೆ ಆರ್ಡರ್ ನಂಬರಿನ ಚೀಟಿ. ಮದುವೆ ಕಾಗದವಾದರೆ ಕೆಂಪು ಗೆರೆ. ಪುಸ್ತಕ, ಬಿಲ್‌ಬುಕ್ ನಾಲ್ಕು ದಿನ ತಡವಾದರೆ ಬೈಸಿಕೊಂಡು ಸುಧಾರಿಸಬಹುದು. ಮುಹೂರ್ತ ಯಾರಿಗೂ ಕಾಯುವುದಿಲ್ಲ. ಶುಕ್ರವಾರದ ಕೆಳಗೆ ಕೆಂಪು ಗೆರೆ ಜಾಸ್ತಿ ಕಂಡರೆ ಬೈಂಡಿಂಗಿನವನೇ ಬಂದು "ಅಣ್ಣ, ಬಿಲ್‌ಬುಕ್ ಮುಂದೆ ಹಾಕಿ" ಅನ್ನುತ್ತಾನೆ. ನಾನು ಹೇಳಬೇಕಾಗಿಲ್ಲ.

ಒಂದು ಮದುವೆ ಸೀಸನ್‌ನಲ್ಲಿ ಮಗನ ಮಾತು ಕೇಳಿ ಗೋಡೆಯ ಮೇಲೂ ಎಲ್ಲ ವಿವರ ಬರೆಸಿದ್ದೆವು, ಕಾಗದದ ಅಳತೆ, ಬಣ್ಣ, ಅಡ್ವಾನ್ಸ್. ಕವರಿನಲ್ಲಿ 130 ಜಿಎಸ್‌ಎಂ, ಗೋಡೆಯಲ್ಲಿ 170. ಮೆಷಿನಿನವನು ಯಾವುದನ್ನು ನಂಬಬೇಕು? ಅಂದೇ ಗೋಡೆಯ ವಿವರ ಎಲ್ಲ ಒರೆಸಿದೆವು. ಗಿರಾಕಿಯ ಹೆಸರೂ ಗೋಡೆಗೆ ಹಾಕುವುದಿಲ್ಲ, ಎದುರು ಪ್ರೆಸ್ಸಿನವರು ಏನಾದರೂ ಸಾಮಾನು ಕೇಳಲು ಬಂದಾಗ ಓದುತ್ತಾರೆ.

ಹಳೇ_ಸ್ಕ್ರಮ್

ಇಷ್ಟು ಹೊತ್ತಿನ ಚರ್ಚೆಯಲ್ಲಿ ಬಂದ ಅತಿ ಒಳ್ಳೆಯ ಉತ್ತರ ಇದು. ಎರಡು ಬೋರ್ಡ್ ಇಟ್ಟವರು ಸೋಲುವುದು ಒಂದೇ ವಿಷಯವನ್ನು ಎರಡು ಕಡೆ ಬರೆಯುವುದರಿಂದ. ಇವರು ಎರಡು ಕಡೆ ಬೇರೆ ಬೇರೆ ವಿಷಯ ಬರೆಯುತ್ತಾರೆ.

ದೇರೆಬೈಲ್_ಲೀಡ್

ಪ್ರೆಸ್_ಉಡುಪಿ ಅಣ್ಣಾ, ಬಹಳ ಉಪಕಾರ. ನಿಮ್ಮದನ್ನು ಓದಿ ನನ್ನ ತಲೆಯಲ್ಲಿ ಒಂದು ಆಕಾರ ಬಂತು. ಎಲ್ಲರೂ ನೋಡಿ ತಪ್ಪಿದ್ದರೆ ಹೇಳಿ.

ನಮ್ಮಲ್ಲಿ ನಿಜವಾಗಿ ಹೊರೆ ಬೀಳುವುದು ಸಂಘಗಳ ಲೆಕ್ಕದಲ್ಲಿ. ಯಾವ ಸಂಘದ ಹಳೇ ಲೆಕ್ಕ ತಂದು ಸೇರಿಸಿ ಆಯಿತು, ಯಾರಿಗೆ ತರಬೇತಿ ಬಾಕಿ, ಯಾರದ್ದು ಆಡಿಟ್ ಹತ್ತಿರ ಬಂತು. ಇದು ಡೆವಲಪರ್‌ಗೂ ಗೊತ್ತಿರಬೇಕು, ಸಪೋರ್ಟಿಗೂ ಗೊತ್ತಿರಬೇಕು. ಇವತ್ತು ಇದು ಯಾವ ಬೋರ್ಡಿನಲ್ಲೂ ಇಲ್ಲ, ಧಣಿಗಳ ಡೈರಿಯಲ್ಲಿ ಉಂಟು. ಹಾಗಾಗಿ ಗೋಡೆಯಲ್ಲಿ ಒಂದು ಕಾರ್ಡ್ ಅಂದರೆ ಒಂದು ಸಂಘ, ಬರೀ ಕೋಡ್ ನಂಬರ್, ಹೆಸರಿಲ್ಲ. ಕೋಡಿನ ಕೆಲಸ, ಬಗ್, ಟೆಸ್ಟರ್_ಅಕ್ಕ ಹೇಳಿದ ಫೆಬ್ರವರಿ 29 ಎಲ್ಲ ಸಾಫ್ಟ್‌ವೇರಿನಲ್ಲೇ. ಗೋಡೆಯಲ್ಲಿ ಇರುವುದನ್ನು ಸಾಫ್ಟ್‌ವೇರಿನಲ್ಲಿ ಬರೆಯುವುದಿಲ್ಲ, ಅಲ್ಲಿನದನ್ನು ಇಲ್ಲಿ ಬರೆಯುವುದಿಲ್ಲ.

ನಮ್ಮ ಕೋಡ್ ಗಿಟ್‌ಲ್ಯಾಬ್‌ನಲ್ಲಿ ಉಂಟು, ಬೋರ್ಡೂ ಅಲ್ಲಿಗೇ ಹೋಗುತ್ತದೆ. ಕೀಬೋರ್ಡ್ ಪರೀಕ್ಷೆ ಮಾಡಿಯೇ ಬದಲಿಸುತ್ತೇನೆ. ಮಿತಿಗೆ ಮ್ಯಾಗ್ನೆಟ್ ಇಲ್ಲದ ಕಾರಣ ಒಂದು ನಿಯಮ: ಒಬ್ಬರ ಹೆಸರಲ್ಲಿ ಎರಡಕ್ಕಿಂತ ಜಾಸ್ತಿ ಇದ್ದರೆ ಸ್ಟ್ಯಾಂಡ್‌ಅಪ್ ಅವರಿಂದಲೇ ಶುರು.

ಬೆಳ್ತಂಗಡಿ_ವೈಫೈ

ಸಂಘದ ಗೋಡೆ ನಿಮ್ಮ ಪುತ್ತೂರಿನವರಿಗೆ ಹೇಗೆ ಕಾಣುತ್ತದೆ?

ದೇರೆಬೈಲ್_ಲೀಡ್

ಅವರನ್ನು ಕೇಳಿದೆ. ಸಂಘದ ಕಾರ್ಡ್ ದಿನಕ್ಕೆ ಹತ್ತು ಸಲ ಕದಲುವುದಿಲ್ಲ, ವಾರಕ್ಕೆ ಒಂದೋ ಎರಡೋ. ಸೋಮವಾರದ ಕಾಲ್‌ನಲ್ಲಿ ಒಂದೊಂದಾಗಿ ಓದಿ ಹೇಳಿದರೆ ಸಾಕು, ಫೋಟೋ ಬೇಡ ಅಂದರು. ಬೆಂಗಳೂರಿನವರು ಇನ್ನೂ ಒಪ್ಪಿಲ್ಲ. ಅವರಿಗೆ ಅದೂ ಸಾಫ್ಟ್‌ವೇರಿನಲ್ಲೇ ಬೇಕಂತೆ.

ಮಣಿಪಾಲ_ಗೋಡೆ

ನನಗೆ ಪೂರ್ತಿ ಸಮಾಧಾನ ಇಲ್ಲ. ಡೆವಲಪರ್ ಕೆಲಸ ಮತ್ತೆ ಯಾರೂ ತೆರೆಯದ ಬೋರ್ಡಿನೊಳಗೇ ಉಳಿಯಿತಲ್ಲ. ಚುಕ್ಕೆ ಇಡುವುದು ಯಾರು?

ಟೆಸ್ಟರ್_ಅಕ್ಕ

ಟೂಲೇ ಇಡಲಿ. ಒಂದು ಕಾಲಂನಲ್ಲಿ ಐದು ದಿನ ದಾಟಿದ ಕಾರ್ಡುಗಳ ಪಟ್ಟಿ ಬೆಳಗ್ಗೆ 9.30ಕ್ಕೆ ಗ್ರೂಪಿಗೆ ಬರುವ ಹಾಗೆ ಒಂದು ಸಣ್ಣ ಸ್ಕ್ರಿಪ್ಟ್ ಸಾಕು. ಆದರೆ ಬರೀ ಅದೊಂದೇ ಬರಲಿ. ಇಡೀ ದಿನ ನೋಟಿಫಿಕೇಷನ್ ಬಂದರೆ ಎಲ್ಲರೂ ಮ್ಯೂಟ್ ಮಾಡುತ್ತಾರೆ.

ಮಣಿಪಾಲ_ಗೋಡೆ

ಚಹಾಕ್ಕೆ ಹೋಗುವವರಿಗೆ ಅದು ಕಾಣುವುದಿಲ್ಲ ಅಕ್ಕಾ. ಇರಲಿ. ಬೋರ್ಡ್ ತರಿಸುವ ಮೊದಲು ಒಂದು ಹೇಳುತ್ತೇನೆ: ಲಿಫ್ಟ್ ಅಳೆಯಿರಿ. 8 ಅಡಿ ಬೋರ್ಡ್ ಎಷ್ಟೋ ಲಿಫ್ಟಿಗೆ ಹೋಗುವುದಿಲ್ಲ, ಮೆಟ್ಟಿಲಿನ ತಿರುವಿನಲ್ಲೂ ಸಿಕ್ಕಿಬೀಳುತ್ತದೆ. ಮತ್ತೆ ಮ್ಯಾಗ್ನೆಟ್ ಹಿಡಿಯುತ್ತದಾ ಅಂತ ಅಂಗಡಿಯಲ್ಲೇ ಒಂದು ಇಟ್ಟು ನೋಡಿ. ಮಾಮೂಲಿ ವೈಟ್‌ಬೋರ್ಡಿಗೆ ಹಿಡಿಯುವುದಿಲ್ಲ.

ದೇರೆಬೈಲ್_ಲೀಡ್

ಲಿಫ್ಟ್ ಬಾಗಿಲು 6 ಅಡಿ ಚಿಲ್ಲರೆ ಎತ್ತರ. 6x4ರ ಎರಡು ಬೋರ್ಡ್ ಅಕ್ಕಪಕ್ಕ ಹಾಕುತ್ತೇನೆ. ಡ್ರಿಲ್ ಮಾಡುವವರನ್ನು ಶನಿವಾರ ಕರೆದಿದ್ದೇನೆ.

ಎಕ್ಸೆಲ್_ಸಾಕು

ಡ್ರಿಲ್‌ನವರ ಖರ್ಚು ಎಲ್ಲಿ ಬರೆದಿಡುತ್ತೀರಿ?

ದೇರೆಬೈಲ್_ಲೀಡ್

ಎಕ್ಸೆಲ್‌ನಲ್ಲಿ ಮಾರಾಯ್ರೆ, ಎಕ್ಸೆಲ್‌ನಲ್ಲಿ.